ಕಾಲುವೆ ಏರದ ನೆಲದ ರಸ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ರಸವೆಂದರೆ ಕಬ್ಬಿನ ಹಾಲು. ಹಿಡಕಲ್ ಜಲಾಶಯ ತುಂಬಿದರೆ ಊರೂರಿಗೆ ಜೀವ ಬರುತ್ತದೆ. ಧೂಪದಾಳದ ಕಾಲುವೆ ನೀರು ಹೊಲ ಮುಟ್ಟಿದರೆ ಕಬ್ಬು ಆಳೆತ್ತರ ದಾಟುತ್ತದೆ. ಎಕರೆಗೆ ಎಷ್ಟು ಟನ್ ಬಂತು ಎಂಬುದೇ ಇಲ್ಲಿನ ಕುಶಲಪ್ರಶ್ನೆ. ದ್ರಾಕ್ಷಿ ಅಥಣಿ, ವಿಜಯಪುರದ ಪಡಗಳಿಂದ ಬರುವ ಹಣ್ಣು, ಒಣಗಿದರೆ ಮನೂಕ. ನಮ್ಮ ಸೀಮೆಯ ಬಿಸಿಲಿಗೆ ಒಳ್ಳೆಯ ವೈನ್ ಆದೀತೆಂದು ಯಾರು ಎಣಿಸಿದ್ದರು?

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಕಲ್ಲುಗುಡ್ಡಗಳ ನಡುವೆ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಸಣ್ಣ ತೋಟ ‘ಕೃಷ್ಮಾ’. ಅಲ್ಲಿನ ಸಾಂಜೊವೇಸಿ ಎಂಬ ಕೆಂಪು ದ್ರಾಕ್ಷಿಯ ವೈನ್ ಕುಡಿದಾಗ ಬೆರಗಾಯಿತು. ನೊರೆಯಿಲ್ಲ, ಗುಳ್ಳೆಯಿಲ್ಲ, ಸಿಹಿಯ ಮರೆಯೂ ಇಲ್ಲ. ಮೊದಲು ತಿಳಿಹುಳಿ, ಹಿಂದೆಯೇ ನೇರಳೆ ಹಣ್ಣಿನಂತೆ ನಾಲಗೆ ಹಿಡಿಯುವ ಒಗರು, ನುಂಗಿದ ಮೇಲೂ ಉಳಿಯುವ ಘಮ.

ಇದರ ಗುಟ್ಟು ನೀರಿನ ಹಿಡಿತದಲ್ಲಿದೆ. ವೈನಿನ ದ್ರಾಕ್ಷಿಯ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ ಬರುವುದು ಆ ಸಿಪ್ಪೆಯಿಂದಲೇ. ನೀರು ಅತಿಯಾದರೆ ಕಾಳು ಉಬ್ಬಿ ರಸ ತೆಳ್ಳಗಾಗುತ್ತದೆ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಸವರಿ ಒಂದೇ ಫಸಲು ತೆಗೆಯುತ್ತಾರೆ. ಚಳಿಗಾಲದ ಹಗಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ.

ಮೂಡಲಗಿಯಲ್ಲಿ ಕಬ್ಬು ಬೆಳೆಯುವ ಸೋದರಮಾವನಿಗೆ ಇದನ್ನೆಲ್ಲ ಹೇಳಿದೆ.

“ನೀರ ಕಡಿಮಿ ಕೊಟ್ಟ ಛಲೋ ಬೆಳಿ ತಗೀತಾರಂತೀಯಲ್ಲೋ, ಇಳುವರಿ ಗತಿ ಏನು?” ಎಂದರು.

“ಟನ್ನಿನ ಲೆಕ್ಕ ಬ್ಯಾರೆ, ರುಚಿ ಲೆಕ್ಕ ಬ್ಯಾರೆ ಮಾವಾ.”

ಮಾವ ಸುಮ್ಮನೆ ತಲೆಯಾಡಿಸಿದರು.

ಯಾರೂ ಎಣಿಸದ ವೈನ್ ಕೈಗೂಡುವ ಇಂಥ ಬೆರಗು ನೊರೆಯುಕ್ಕುವ ವೈನಿಗೆ ಹೆಸರಾದ ಚಳಿನಾಡು ಇಂಗ್ಲೆಂಡಿನಲ್ಲೂ ಆಗಿದೆ. ಎಸೆಕ್ಸಿನ ಕ್ರೌಚ್ ಕಣಿವೆಯ ತೋಟಗಳು ಗುಳ್ಳೆಯಿಲ್ಲದ ಶಾರ್ಡನೆ ವೈನ್ ಮಾಡಿ ಮೆಚ್ಚುಗೆ ಗಳಿಸಿವೆ. ನೆಲದ ಗುಣವನ್ನು ಲೋಕರೂಢಿಯ ಮಾತು ತೀರ್ಮಾನಿಸಲಾರದು.

ಕರ್ನಾಟಕ 2007ರಲ್ಲೇ ವೈನ್ ನೀತಿ ತಂದಿತು. ಆದರೂ ಹುಕ್ಕೇರಿ, ಗೋಕಾಕದ ಸುತ್ತ ಕಾಲುವೆ ಏರದ ಗುಡ್ಡದ ಹೊಲಗಳನ್ನು ನಾವಿನ್ನೂ ಬರಡು ಎನ್ನುತ್ತೇವೆ. ಅಲ್ಲೆಲ್ಲ ದ್ರಾಕ್ಷಿಯನ್ನೇ ಹಚ್ಚಬೇಕೆಂದಲ್ಲ. ಆ ನೆಲಕ್ಕೆ ಒಪ್ಪುವ ಬೆಳೆ ಹುಡುಕುವ ರೈತನಿಗೆ ಬ್ಯಾಂಕು, ಇಲಾಖೆ, ಗಿರಾಕಿ ಮೂವರೂ ಕೆಲವು ವರ್ಷ ತಾಳ್ಮೆಯಿಂದ ಬೆನ್ನಿಗೆ ನಿಲ್ಲಬೇಕು. ಒಳ್ಳೆಯ ಹಣ್ಣು ಕೊಡಲು ಬಳ್ಳಿಗೂ ಅಷ್ಟು ಕಾಲ ಬೇಕು.