ನಲವತ್ತು ಲೀಟರಿನ ಸಮುದ್ರ

ಮೀನಿಗೂ ನನಗೂ ಹುಟ್ಟಿದಂದಿನಿಂದ ಹೆಚ್ಚಿನ ವ್ಯವಹಾರವೇನೂ ಇರಲಿಲ್ಲ. ದೇವರ ಮನೆಯ ದಶಾವತಾರದ ಪಟದಲ್ಲಿ ಮೊದಲನೆಯ ಅವತಾರಕ್ಕೆ ಕೈ ಮುಗಿದದ್ದುಂಟು. ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೀನುಗಳಿಗೆ ಪುರಿ ಎಸೆದು, ಅವು ಒಂದರ ಮೇಲೊಂದು ಬಿದ್ದು ತಿನ್ನುವುದನ್ನು ಕಂಡು ಸಂತೋಷಪಟ್ಟದ್ದುಂಟು. ಅಷ್ಟೇ. ಅಂಥ ನಾನು 70ನೆಯ ವಯಸ್ಸಿನಲ್ಲಿ, ಷಿಕಾಗೋ ನಗರದ ಹಿಮದ ನಡುವೆ, ಮೂರು ಮೀನುಗಳಿಗೂ ಅಂಗೈಯಗಲದ ಹವಳದ ತೋಟಕ್ಕೂ ಹೊಣೆಯಾಗಿ ನಿಂತೆನೆಂದರೆ ಓದುಗರಿಗೆ ನಗು ಬರಬಹುದು. ಮೊದಲು ನನಗೂ ಬಂದಿತ್ತು.

ಕಳೆದ ಅಕ್ಟೋಬರಿನಲ್ಲಿ ನಾವಿಬ್ಬರೂ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಹೋದೆವು. ಮೊಮ್ಮಗಳ ಒಂಬತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಗಾಜಿನ ತೊಟ್ಟಿಯೊಂದು ಅದೇ ವಾರ ಮನೆಗೆ ಬಂದಿತ್ತು. 20 ಅಂಗುಲ ಉದ್ದ, 10 ಅಂಗುಲ ಅಗಲ, 12 ಅಂಗುಲ ಎತ್ತರ; ಹಿಡಿಯುವುದು ಸುಮಾರು 40 ಲೀಟರು ನೀರು. ನಮ್ಮ ಬಚ್ಚಲಮನೆಯ ಹಂಡೆ ಇದಕ್ಕಿಂತ ದೊಡ್ಡದು. "ಇದರಲ್ಲಿ ಸಮುದ್ರ ಮಾಡ್ತೀವಿ ಅಜ್ಜಿ" ಎಂದಳು ಹುಡುಗಿ.

ಆ ಊರಿನ ಮಿಷಿಗನ್ ಸರೋವರ ನೋಡುವುದಕ್ಕೆ ಸಮುದ್ರದಂತೆಯೇ ಇದೆ, ಆದರೆ ಸಿಹಿನೀರು. ನಿಜವಾದ ಕಡಲು ನೂರಾರು ಮೈಲಿ ದೂರ. ಆದುದರಿಂದ ಕಡಲನ್ನು ಬಕೆಟ್ಟಿನಲ್ಲಿ ಕದಡಿಯೇ ಮಾಡಬೇಕು. ಚೆನ್ನಾಗಿ ಶೋಧಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಉಪ್ಪು ಬೆರೆಸುತ್ತಾರೆ. ಅಡುಗೆಯ ಉಪ್ಪು ಇದಕ್ಕೆ ಒದಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ಸಮುದ್ರದಲ್ಲಿರುವ ಪ್ರಮಾಣದಲ್ಲಿಯೇ ಸೇರಿದ ಉಪ್ಪು ಬೇಕು, ಏಕೆಂದರೆ ಹವಳ ತನ್ನ ಎಲುಬನ್ನು ಕಟ್ಟಿಕೊಳ್ಳುವುದು ಆ ಕ್ಯಾಲ್ಸಿಯಮಿನಿಂದ. ಮರಳು ಹಾಸಿ, ಸಂದುಗೊಂದುಗಳಿರುವ ಕಲ್ಲುಗಳನ್ನು ಪೇರಿಸಿ, ನೀರು ತುಂಬಿ, ಅದನ್ನು 25 ಡಿಗ್ರಿ ಸೆಲ್ಸಿಯಸಿನಷ್ಟು ಬೆಚ್ಚಗಿಡುವ ಸಲಕರಣೆಯನ್ನು ಹೂಡಿದ್ದಾಯಿತು. ಕಲ್ಲು ಮರಳುಗಳ ಜಾಗವನ್ನು ಕಳೆದರೆ ಉಳಿದ ನೀರು 30 ಲೀಟರಷ್ಟೇ.

ಮೀನು ಮಾತ್ರ ಬರಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಬರಿಯ ಕಲ್ಲಿಗೆ ದೀಪ ಹಚ್ಚಿ ಕುಳಿತಿದ್ದಾರಲ್ಲ ಎಂದು ನಮ್ಮವರು ಹಾಸ್ಯ ಮಾಡತೊಡಗಿದರು. ಮಗ ವಿವರಿಸಿದ. ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್ ಆಗಿಯೂ, ಅದನ್ನು ಮತ್ತೆ ಅಷ್ಟೊಂದು ಕೆಡಕಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಆ ಕಲ್ಲಿನ ಸಂದುಗಳಲ್ಲಿ ನೆಲೆಯೂರಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಕಲ್ಲು ಬರಿಯ ಅಲಂಕಾರವಲ್ಲ, ಅದೇ ತೊಟ್ಟಿಯ ಜಠರ. ಹೀಗೆ ಜೀವವಿರುವ ಕಲ್ಲನ್ನೂ ಹವಳವನ್ನೂ ಒಟ್ಟಿಗೆ ಸಾಕುವ ಕ್ರಮವನ್ನು ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬವರು 1961ರಲ್ಲಿಯೇ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದ್ದರಂತೆ. ನಾನು ಸ್ಲೇಟು ಬಳಪ ಹಿಡಿದ ಕಾಲ ಅದು.

ಇನ್ನು ಮೀನಿನ ಆಯ್ಕೆ. ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ವಿಚಾರಣೆ ನಡೆಯುವುದಿಲ್ಲ. 2016ರಲ್ಲಿ ಬಂದ ಚಲನಚಿತ್ರವೊಂದರ ನಾಯಕಿಯಾದ ನೀಲಿ ಬಣ್ಣದ ಟ್ಯಾಂಗ್ ಮೀನೇ ಬೇಕೆಂದು ಹುಡುಗಿಯ ಹಟ. ಅಂಗಡಿಯಲ್ಲಿದ್ದ ಮರಿಯೋ ಹೆಬ್ಬೆರಳಿನಷ್ಟಿತ್ತು. ಆದರೆ ಬೆಳೆದರೆ ಅದು ಒಂದಡಿಯಾಗುತ್ತದೆ. ಹಗಲೆಲ್ಲ ಈಜಾಡುವ ಜಾತಿ. "ದೊಡ್ಡದಾದ ಮೇಲೆ ಅದು ತಿರುಗೋದು ಎಲ್ಲಿ ಪುಟ್ಟಿ?" ಎಂದು ಮಗ ಕೇಳಿದ್ದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ನನ್ನ ಕಣ್ಣು ಬಿದ್ದದ್ದು ಮ್ಯಾಂಡರಿನ್ ಎಂಬ ಮೀನಿನ ಮೇಲೆ: ಹಸಿರು, ನೀಲಿ, ಕಿತ್ತಳೆ ಬಣ್ಣಗಳ ಅಂಚಿನ ರೇಷ್ಮೆ ಸೀರೆಯಂತೆ. ಅದು ಕಲ್ಲಿನ ಮೇಲೆ ಓಡಾಡುವ, ಕಣ್ಣಿಗೆ ಕಂಡೂ ಕಾಣದ ಹುಳುಗಳನ್ನು ದಿನವಿಡೀ ಹೆಕ್ಕಿ ತಿಂದು ಬದುಕುವಂಥದು. ನಮ್ಮ ತೊಟ್ಟಿಯ ಹುಳುಗಳು ಕೆಲವೇ ದಿನಗಳಲ್ಲಿ ಮುಗಿದು, ಅದು ನಮ್ಮ ಕಣ್ಣೆದುರಿನಲ್ಲಿಯೇ ಹಸಿವಿನಿಂದ ಸವೆಯುತ್ತಿತ್ತು. ಚಂದದ ಮೇಲೆ ಮನಸ್ಸಾಯಿತೆಂದು ಮನೆಗೆ ತಂದು ಉಪವಾಸ ಕೆಡವುವುದು ಯಾವ ನ್ಯಾಯ?

ಕೊನೆಗೆ ಬಂದವು ಮೂರು. ಕಿತ್ತಳೆ ಮೈಗೆ ಬಿಳಿಯ ಪಟ್ಟೆಯ ಎರಡು ಕ್ಲೌನ್ ಮೀನುಗಳು, ಮೈಯುದ್ದಕ್ಕೂ ಹೊಳೆಯುವ ನೀಲಿ ಗೆರೆಯಿದ್ದ ಒಂದು ನಿಯಾನ್ ಗೋಬಿ. ಮೂರೂ ಕಡಲಿನಿಂದ ಹಿಡಿದು ತಂದವಲ್ಲ, ತೊಟ್ಟಿಗಳಲ್ಲಿಯೇ ಹುಟ್ಟಿ ಬೆಳೆದವು. ಕ್ಲೌನ್ ಮೀನಿನ ಸಂಸಾರವೇ ವಿಚಿತ್ರ: ಹುಟ್ಟುವಾಗ ಎಲ್ಲವೂ ಗಂಡಾಗಿಯೇ ಬೆಳೆಯತೊಡಗುತ್ತವೆ; ಜೋಡಿಯಲ್ಲಿ ಬಲವಾದದ್ದು ಹೆಣ್ಣಾಗುತ್ತದೆ, ಅದೇ ಮನೆಗೆ ಯಜಮಾನಿ. ಇದನ್ನು ಕೇಳಿ ನಮ್ಮವರು, "ನಮ್ಮ ಮನೆಯ ಪದ್ಧತಿಯೇ" ಎಂದರು. ಗೋಬಿಯ ಹೆಸರು ಕೇಳಿ, ಹೂಕೋಸಿಗೆ ಬಾಲ ಯಾವಾಗ ಬಂತು ಎಂದೂ ಕೇಳಿದರು. ಎರಡಂಗುಲ ಮೀರದ ಆ ಜೀವ, ತನ್ನೂರಾದ ಕೆರಿಬಿಯನ್ ಕಡಲಿನಲ್ಲಿ ದೊಡ್ಡ ಮೀನುಗಳ ಮೈಗಂಟಿದ ಪರಪುಟ್ಟ ಹುಳುಗಳನ್ನು ಹೆಕ್ಕಿ ತಿನ್ನುವ ಕಸುಬಿನದು. ನಾವು ಗಾಜಿನ ಹತ್ತಿರ ಹೋದರೆ ಹೆದರದೆ ಬಂದು ನಮ್ಮನ್ನೇ ನೋಡುತ್ತಿತ್ತು. ಹುಡುಗಿಯ ಪ್ರೀತಿ ಕೆಲವೇ ದಿನಗಳಲ್ಲಿ ಅದರ ಪಾಲಾಯಿತು.

ಹವಳ ಬಂದದ್ದು ಅನಂತರ. ಹವಳವೆಂದರೆ ನನಗೆ ಗೊತ್ತಿದ್ದುದು ನನ್ನ ಬೆರಳಿನಲ್ಲಿದ್ದುದು. ಜಾತಕದಲ್ಲಿ ಕುಜದೋಷವೆಂದು ಮದುವೆಗೆ ಮುಂಚೆ ನಮ್ಮ ತಂದೆ ಮಾಡಿಸಿ ತೊಡಿಸಿದ ಉಂಗುರ. "ಅದು ಹವಳದ ಅಸ್ಥಿ ಅಜ್ಜಿ, ಜೀವ ಹೋದದ್ದು" ಎಂದು ಹುಡುಗಿ ಹೇಳಿದಾಗ ಬೆರಳು ಒಮ್ಮೆ ತಣ್ಣಗಾಯಿತು. ತೊಟ್ಟಿಯ ಹವಳವಾದರೋ ಬದುಕಿತ್ತು. ಕಲ್ಲಿಗಂಟಿದ ಗುಂಡಿಗಳಂಥ ಜೋಅಂಥಿಡ್, ಅಣಬೆಯಂತೆ ಹರಡುವ ಒಂದು ಜಾತಿ, ಸುತ್ತಿಗೆಯಾಕಾರದ ತುದಿಗಳನ್ನು ಬೀಸಿಕೊಂಡು ತೂಗುವ ಇನ್ನೊಂದು. ದಾಸವಾಳದ ಕಡ್ಡಿ ಮುರಿದು ನೆಡುವಂತೆ, ದೊಡ್ಡ ಹವಳದಿಂದ ಚೂರು ಕತ್ತರಿಸಿ ಬೆಳೆಸುತ್ತಾರೆ. ನಮಗೆ ಬಂದವು ಅಂಥ ಚೂರುಗಳೇ.

ಹವಳ ಪ್ರಾಣಿ, ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಮನೆಯೊಡೆಯನಿಗೆ ಉಣಿಸುತ್ತದೆ. ನೀರು ತುಸು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಇದ್ದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಾಗೆಯೇ ಮುಂದುವರಿದರೆ ಸಾಯುತ್ತದೆ. ಲೋಕದ ಸಮುದ್ರಗಳಲ್ಲಿ 1998ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ನಮ್ಮ ಲಕ್ಷದ್ವೀಪಕ್ಕೂ ಅದರ ಪೆಟ್ಟು ಬಿತ್ತು. ಅಂಥ ನಾಲ್ಕನೆಯ ಜಾಗತಿಕ ವಿಪತ್ತು ನಡೆಯುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು. ನಮ್ಮ ದೇಶದಲ್ಲಿ ಬಂಡೆಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನವಿದೆ. ಎಂದರೆ ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳವನ್ನು ಮುಳುಗಿ ನೋಡಬಹುದು, ಮುರಿದು ಮನೆಗೆ ತರುವಂತಿಲ್ಲ. ಇದನ್ನು ಕೇಳಿದ ಮೇಲೆ ಆ ತೊಟ್ಟಿಯ ಮುಂದೆ ಕೂರುವಾಗ ನನಗೆ ಸ್ವಲ್ಪ ಭಯಭಕ್ತಿ ಬಂದಿತೆನ್ನಬೇಕು.

ಮಾರ್ಚ್ ಕೊನೆಯಲ್ಲಿ ಮಗ, ಸೊಸೆ, ಮೊಮ್ಮಗಳು ನಾಲ್ಕು ದಿನದ ಮಟ್ಟಿಗೆ ಸೊಸೆಯ ಅಕ್ಕನ ಊರಿಗೆ ಹೊರಟರು. ನಮ್ಮವರಿಗೆ ಮಂಡಿನೋವು, ನಾವು ಉಳಿದೆವು. ಹುಡುಗಿ ತೊಟ್ಟಿಯನ್ನು ನನಗೆ ಒಪ್ಪಿಸಿದಳು. ಮಾತ್ರೆ ಇಡುವ ಡಬ್ಬಿಯ ಒಂದೊಂದು ಮನೆಯಲ್ಲಿ ಒಂದೊಂದು ದಿನದ ಆಹಾರ, ಎಣಿಸಿ ಎಂಟು ಕಾಳು. ನೀರು ಗುರುತಿನ ಗೆರೆಯಿಂದ ಇಳಿದರೆ ಸಿಹಿನೀರನ್ನೇ ಹೊಯ್ಯಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ; ಉಪ್ಪುನೀರು ಹೊಯ್ದರೆ ದಿನೇ ದಿನೇ ಉಪ್ಪೇರುತ್ತದೆ. "ಇನ್ನೇನೂ ಮಾಡ್ಬೇಡ ಅಜ್ಜಿ. ಅವು ಕೇಳಿದ್ರೂ ಕೊಡ್ಬೇಡ" ಎಂದಳು.

ಅವು ಕೇಳಿದವು. ಬೆಳಗ್ಗೆ ನಾನು ಹೋದೊಡನೆ ಮೂರೂ ಗಾಜಿಗೆ ಮೂಗು ಹಚ್ಚಿ, ಬಾಯಿ ತೆರೆದು ಮುಚ್ಚಿ, ಮೇಲಕ್ಕೂ ಕೆಳಕ್ಕೂ ಹಾರಾಡತೊಡಗಿದವು. 45 ವರ್ಷ ಆ ಮನೆಯವರಿಗೂ ಬಂದವರಿಗೂ ಬಡಿಸಿದ ಕೈ ನನ್ನದು. "ಸಾಕು" ಎಂದವರ ಎಲೆಗೆ ಇನ್ನೊಂದು ಸೌಟು ಹಾಕುವುದನ್ನೇ ಮರ್ಯಾದೆಯೆಂದು ಕಲಿತದ್ದು. ಎಂಟು ಕಾಳು ಮೂವರಿಗೆ! ಕಪಾಟಿನಲ್ಲಿದ್ದ ದೊಡ್ಡ ಡಬ್ಬಿಯಿಂದ ಒಂದು ಚಿಟಿಕೆ ಹಾಕಿದೆ. ಸಂಜೆ ಮತ್ತೊಂದು. ಎರಡನೆಯ ದಿನ ಚಮಚದ ತುದಿಯಲ್ಲಿ. ತಿಂದಷ್ಟು ತಿಂದವು, ಉಳಿದದ್ದು ಕಲ್ಲುಗಳ ಹಿಂದಕ್ಕೆ ಇಳಿದುಹೋಯಿತು. ಮೀನಿಗೆ ಸಂತೋಷವಾಯಿತೆಂದು ನನಗೆ ಸಂತೋಷವಾಯಿತು.

ಮೂರನೆಯ ಬೆಳಗ್ಗೆ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಜೋಅಂಥಿಡ್‌ಗಳು ಮೊಗ್ಗಿನಂತೆ ಮುಚ್ಚಿಕೊಂಡಿದ್ದವು; ಸುತ್ತಿಗೆ ಹವಳ ತನ್ನ ಬೆರಳುಗಳನ್ನೆಲ್ಲ ಒಳಕ್ಕೆಳೆದುಕೊಂಡು ಬರಿಯ ಎಲುಬಾಗಿ ಕಾಣುತ್ತಿತ್ತು. ಕ್ಲೌನ್ ಮೀನುಗಳು ಮೇಲೆ ಬಂದು ಏದುತ್ತಿದ್ದವು. ಗೋಬಿ ಕಾಣಲಿಲ್ಲ. ಕಲ್ಲಿನ ಹಿಂದೆ, ನಾನು ಹಾಕಿದ ಕಾಳುಗಳ ರಾಶಿಯ ಪಕ್ಕದಲ್ಲಿ, ಅದು ಅಂಗಾತ ಬಿದ್ದಿತ್ತು. ನೀಲಿ ಗೆರೆ ಮಾಸಿಹೋಗಿತ್ತು.

ಮಗನಿಗೆ ಫೋನು ಮಾಡಿದೆ. ಅವನು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೊದಲು ಕೈಗವಸು ಹಾಕಿಕೊಳ್ಳಲು ಹೇಳಿದ, ಏಕೆಂದರೆ ಜೋಅಂಥಿಡ್‌ಗಳಲ್ಲಿ ಕೆಲವಕ್ಕೆ ಘೋರವಾದ ವಿಷವಿದೆ. ಸತ್ತದ್ದನ್ನು ತೆಗೆದು, ಕೊಳೆತ ಕಾಳುಗಳನ್ನು ಕೊಳವೆಯಿಂದ ನೀರಿನೊಂದಿಗೆ ಹೀರಿ ಹೊರಹಾಕಬೇಕು. ಹೋದಷ್ಟು ನೀರಿಗೆ, ಸಿದ್ಧವಾಗಿಟ್ಟಿದ್ದ ಉಪ್ಪುನೀರನ್ನು ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿ ನಿಧಾನವಾಗಿ ತುಂಬಬೇಕು. ಕಡಲಿನಲ್ಲಿ ಒಂದು ಹಿಡಿ ಕಾಳು ಕೊಳೆತರೆ ಯಾರಿಗೂ ತಿಳಿಯದು; 30 ಲೀಟರಿನಲ್ಲಿ ಅಡಗುವುದಕ್ಕೆ ಜಾಗವಿಲ್ಲ. ಅದರಲ್ಲಿಯೂ ಸಮುದ್ರದ ನೀರು ತುಸು ಕ್ಷಾರ; ಸಿಹಿನೀರಿಗಿಂತ ಅದರಲ್ಲಿ ಅಮೋನಿಯದ ವಿಷ ಹೆಚ್ಚು ತೀಕ್ಷ್ಣ.

ಅಂದು 8 ಲೀಟರು, ಮರುದಿನ ಇನ್ನೊಂದು 8 ಲೀಟರು. ನಮ್ಮವರು ಬಕೆಟ್ಟು ಹಿಡಿದರು, ನಾನು ಕೊಳವೆ ಹಿಡಿದೆ. ನಡುವೆ ಅವರು ಮೆಲ್ಲಗೆ, "ಟ್ಯಾಕ್ಸಿಯಲ್ಲಿ ಹೋಗಿ ಅಂಥದೇ ಇನ್ನೊಂದು ಗೋಬಿ ತಂದು ಬಿಡೋಣವೇ? ಮಗುವಿಗೆ ಗೊತ್ತಾಗೋದಿಲ್ಲ" ಎಂದರು. ಬೇಡವೆಂದೆ. ಸತ್ಯನಿಷ್ಠೆಯಿಂದ ಬೇಡವೆಂದೆನೆಂದು ಬರೆದರೆ ಅದೇ ಸುಳ್ಳಾದೀತು. ಈ ನೀರಿಗೆ ಬಿಟ್ಟರೆ ಅದೂ ಸಾಯುತ್ತದೆಂದು ಮಗ ಹೇಳಿದ್ದ, ಅದಕ್ಕೆ ಬೇಡವೆಂದೆ.

ಅವರು ಬಂದದ್ದು ಸಂಜೆಗೆ. ಹುಡುಗಿ ಬೂಟು ಬಿಚ್ಚದೆ ತೊಟ್ಟಿಯ ಬಳಿಗೆ ಓಡಿದಳು. ನೀರು ತಿಳಿಯಾಗಿತ್ತು, ಜೋಡಿ ಮೀನು ಬದುಕಿತ್ತು. ಅವಳ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಚಿಟಿಕೆಯನ್ನೂ, ಚಮಚವನ್ನೂ. "ಅದಕ್ಕೆ ಹಸಿವಾಗಿತ್ತಮ್ಮ" ಎಂದೆ ಕೊನೆಗೆ, ನನ್ನ ಪರವಾಗಿ.

ಅವಳು ಅಳಲಿಲ್ಲ. ಬಹಳ ಹೊತ್ತು ಗಾಜನ್ನು ನೋಡಿ, "ಅದಕ್ಕೆ ಹಸಿವಾಗಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು ಅಜ್ಜಿ?" ಎಂದು ಕೇಳಿದಳು. ಗದರಿಕೆಯಲ್ಲ, ತಿಳಿಯಬೇಕೆಂದೇ ಕೇಳಿದ್ದು.

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಯಾರ ಹಸಿವನ್ನೂ ನಾನು ಅವರನ್ನು ಕೇಳಿ ತಿಳಿದುಕೊಂಡವಳಲ್ಲ. ನನ್ನ ಕೈಯಲ್ಲಿ ಸೌಟಿದ್ದರೆ ಎದುರಿಗಿದ್ದವರಿಗೆ ಹಸಿವಿದ್ದೇ ಇತ್ತು.

ಸುತ್ತಿಗೆ ಹವಳ ಮತ್ತೆ ಬೆರಳು ಚಾಚುವುದಕ್ಕೆ ಎರಡು ವಾರ ಹಿಡಿಯಿತು. ಅಷ್ಟೂ ದಿನ ಬೆಳಗ್ಗೆ ಎದ್ದೊಡನೆ ಮೊದಲು ಅದನ್ನು ನೋಡಿ ಆಮೇಲೆ ಕಾಫಿ. ಆಹಾರದ ಡಬ್ಬಿಯನ್ನು ಹುಡುಗಿ ನನ್ನಿಂದ ಕಿತ್ತುಕೊಳ್ಳಲಿಲ್ಲ. ಮೀನು ಒಂದು ಕಡಿಮೆಯಾಗಿತ್ತಾದ್ದರಿಂದ ಕಾಳು ಆರಕ್ಕಿಳಿಯಿತು. ದಿನವೂ ನಾನೇ ಎಣಿಸಿ ಹಾಕಿದೆ. ಮೀನುಗಳು ಎಂದಿನಂತೆ ಗಾಜಿಗೆ ಮೂಗು ಹಚ್ಚಿ ಬೇಡಿದವು. ನಾನು ಕೈ ಕಟ್ಟಿಕೊಂಡು ನಿಂತೆ. ಅಷ್ಟು ಕಷ್ಟದ ಕೆಲಸವನ್ನು ನಾನು ಬೇರೆ ಮಾಡಿದ ನೆನಪಿಲ್ಲ.

ಹೊರಡುವ ಹಿಂದಿನ ರಾತ್ರಿ ಮಗನಿಗೆ ಇಷ್ಟವೆಂದು ಬಿಸಿಬೇಳೆ ಭಾತು ಮಾಡಿದ್ದೆ. ಎರಡನೆಯ ಸಲ ಬಡಿಸಲು ಹೋದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕಮ್ಮ" ಎಂದ. ಮುಂದೆ ಹೋಗಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು ಕುಳಿತೆ. ಅವನು ಕೈ ಹಾಗೆಯೇ ಹಿಡಿದು, ಇನ್ನೂ ನಂಬಿಕೆ ಬಾರದವನಂತೆ ನನ್ನ ಮುಖವನ್ನೇ ನೋಡುತ್ತಿದ್ದ.

"ಯಾಕಮ್ಮ, ಕೋಪವೇ?" ಎಂದ.

"ಇಲ್ಲಪ್ಪ. ನೀನು ಸಾಕು ಅಂದೆಯಲ್ಲ" ಎಂದೆ.