ನಮ್ಮ ಹಲಸು, ಯಾರದೋ ಅಂಗಡಿ

ಸುಳ್ಯದ ನಮ್ಮ ಹಿತ್ತಿಲಿನ ಕೆಂಪು ತೊಳೆಯ ಹಲಸಿನ ಫೋಟೋವನ್ನು ಗೆಳೆಯರು ನೋಡಲೆಂದು ಅಂತರ್ಜಾಲದಲ್ಲಿ ಹಾಕಿದ್ದೆ. ಕಡಬದ ನೆಂಟರೊಬ್ಬರು ಫೋನ್ ಮಾಡಿ, "ಗಿಡ ಮಾರಲು ಯಾವಾಗ ಶುರು ಮಾಡಿದಿರಿ?" ಎಂದರು. ನೋಡಿದರೆ, ಆನ್‌ಲೈನ್ ಮಾರಾಟಗಾರನೊಬ್ಬನ ಪುಟದಲ್ಲಿ ನಮ್ಮದೇ ಹಣ್ಣು! ಪಕ್ಕದಲ್ಲಿ ಅಮ್ಮನ ಅಡಿಕೆ ಬುಟ್ಟಿ ಬೇರೆ. "ಕಸಿ ಗಿಡ, ಎರಡೇ ವರ್ಷಕ್ಕೆ ಫಲ" ಎಂಬ ಒಕ್ಕಣೆ. ನಮ್ಮ ಮರದಿಂದ ಇಂದಿನವರೆಗೆ ಯಾರೂ ಕಸಿಕಡ್ಡಿ ಒಯ್ದಿಲ್ಲ.

ಫೋಟೋ ಹೋದದ್ದಕ್ಕಿಂತ ನನ್ನನ್ನು ಕಾಡಿದ್ದು ಅದನ್ನು ನಂಬಿ ದುಡ್ಡು ಕೊಡುವವರ ಪಾಡು. ಸೀರೆ ಬೇರೆ ಬಂದರೆ ಅಂದೇ ಗೊತ್ತಾಗುತ್ತದೆ. ಹಲಸಿನ ಸಸಿ ಬೇರೆಯೆಂದು ತಿಳಿಯಲು ಅದು ಕಾಯಿ ಬಿಡಬೇಕು. ಬೀಜದ ಗಿಡವಾದರೆ ಹಲವು ವರ್ಷ. ಅದು ತಾಯಿಮರದ ಗುಣವನ್ನೇ ತರುತ್ತದೆಂಬ ಭರವಸೆಯೂ ಇಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು. ಅವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮರುವರ್ಷದಿಂದ ಇನ್ನೂ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಮೂಲ ಫೋಟೋ ಸಹಿತ ದೂರು ಕಳುಹಿಸಿದೆ. ನಾಲ್ಕನೆಯ ದಿನ ನಮ್ಮ ಹಲಸು ಮಾಯವಾಯಿತು. ಅದರ ಜಾಗದಲ್ಲಿ ಇನ್ಯಾರದೋ ಹಲಸು ಬಂದು ಕೂತಿತು!

ಶಾಲೆಯ ಪ್ರಾಜೆಕ್ಟಿಗೆ ಚಿತ್ರ ಇಳಿಸಿಕೊಳ್ಳುವ ಮಕ್ಕಳು ತೆಗೆದವರ ಹೆಸರನ್ನೂ ಬರೆಯಲಿ. ಗಿಡ ಬೇಕಾದ ಹಿರಿಯರು ಪುತ್ತೂರಿನ ನರ್ಸರಿಗೇ ಹೋಗಿ, ತಾಯಿಮರ ಎಲ್ಲಿದೆಯೆಂದು ಕೇಳಲಿ. ಉತ್ತರ ಸಿಗದಿದ್ದರೆ ಬರಿಗೈಲಿ ಮರಳುವುದೇ ಲಾಭ.