ಗಂತಿನಲ್ಲಿ ಕಳೆದ ಹೊತ್ತಿಗೆ ಯಾರು ಹೊಣೆ?

ಶಿರ್ತಾಡಿಯವರಿಗೆ ಕಂಬಳ ದೂರದ ಆಟವಲ್ಲ. ಮೂಡುಬಿದಿರೆಯ ಕಡಲಕೆರೆ, ವೇಣೂರು, ಮಿಯ್ಯಾರು ಎಲ್ಲವೂ ಹತ್ತಿರದ ಕರೆಗಳೇ, ಅಂದರೆ ಕೋಣ ಓಡಿಸುವ ಕೆಸರುಗದ್ದೆಗಳೇ. 2020ರಲ್ಲಿ ಐಕಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಕಣ್ಣು ಸೆಳೆದ ಶ್ರೀನಿವಾಸ ಗೌಡರ ಅಶ್ವತ್ಥಪುರವೂ ಇದೇ ಸೀಮೆಯದು. ಸೆಕೆಂಡಿನ ನೂರನೆಯ ಪಾಲನ್ನೂ ಅಳೆಯುವ ಈ ಆಟದಲ್ಲಿ, ಕೂಟ ಮುಗಿಯಲು ಇಷ್ಟು ತಡವೇಕೆ ಎಂದು ಕೇಳಿದರೆ ಮಾತ್ರ ಖಚಿತ ಉತ್ತರ ಸಿಗುವುದಿಲ್ಲ. 24 ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಸಭೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೂ ಶನಿವಾರ ಸುರುವಾದ ಕೂಟ ಭಾನುವಾರ ಹಗಲಿಗೂ ಹರಿಯುತ್ತದೆ. ಆಗ ಬೈಗುಳ ಬೀಳುವುದು ಗಂತಿನಲ್ಲಿ, ಅಂದರೆ ಕೋಣಗಳನ್ನು ಓಟಕ್ಕೆ ಬಿಡುವ ಜಾಗದಲ್ಲಿ, ನಿಂತ ಸ್ವಯಂಸೇವಕನ ಮೇಲೆ. ಇದು ಅನ್ಯಾಯ. ತೀರ್ಮಾನಿಸುವ ಅಧಿಕಾರ ಎಲ್ಲಿದೆಯೋ ಹೊಣೆಯೂ ಅಲ್ಲೇ ಇರಬೇಕು.

ಲೆಕ್ಕ ಹಾಕಿ ನೋಡಿ. ಅಡ್ಡ ಹಲಗೆ, ಹಗ್ಗ ಮತ್ತು ನೇಗಿಲಿನ ಹಿರಿಯ-ಕಿರಿಯ, ಹೀಗೆ ಐದು ವಿಭಾಗಗಳಿಗೆ ಒಟ್ಟು 200 ಜೋಡಿ ಬಂದವೆನ್ನೋಣ. ಸೋತವರು ಹೊರಗೆ ಎಂಬ ಕ್ರಮದಲ್ಲಿ ಐದು ವಿಜೇತರು ಉಳಿಯಬೇಕಾದರೆ 195 ಓಟ ನಡೆಯಬೇಕು. ಒಂದು ಓಟಕ್ಕೆ ಒಟ್ಟು 10 ನಿಮಿಷ ಹೋದರೆ 32 ಗಂಟೆ ಮೀರುತ್ತದೆ. 7 ನಿಮಿಷಕ್ಕೆ ಇಳಿದರೆ 23 ಗಂಟೆಯೊಳಗೆ ಮುಗಿಯುತ್ತದೆ. ಕೋಣಗಳು ಓಡುವುದು ಕಾಲು ನಿಮಿಷದಷ್ಟೇ; ಉಳಿದ ಹೊತ್ತೆಲ್ಲ ಹೋಗುವುದು ಗಂತಿನಲ್ಲಿ. ಒಂದು ಜೋಡಿ ಸಮವಾಗಿ ನಿಂತಾಗ ಇನ್ನೊಂದು ತಿರುಗುತ್ತದೆ. ಹೆಸರಾದ ಓಟಗಾರ ಹಲವು ಯಜಮಾನರ ಕೋಣ ಓಡಿಸುವವನಾದರೆ, ಅವನು ಓಟ ಮುಗಿಯುವ ಮಂಜೊಟ್ಟಿಯಿಂದ ಮರಳುವವರೆಗೆ ಎಲ್ಲರೂ ಕಾಯಬೇಕು. ಗಂತಿನ ಸ್ವಯಂಸೇವಕ ಕೂಗಿ ಅವಸರಿಸಬಹುದು, ಆದರೆ ಜೋಡಿಯನ್ನು ಹೊರಗೆ ಹಾಕಲಾರ. ಅದು ತೀರ್ಪುಗಾರರ ಕೆಲಸ. ಅವರ ಬೆನ್ನಿಗೆ ನಿಲ್ಲಬೇಕಾದದ್ದು ಊರಿನ ಕಂಬಳ ಸಮಿತಿ. ಎಲ್ಲ ಕರೆಗಳಿಗೂ ಒಂದೇ ನಿಯಮ ಮಾಡಿ ಅದಕ್ಕೆ ಬಲ ಕೊಡಬೇಕಾದದ್ದು ಜಿಲ್ಲಾ ಕಂಬಳ ಸಮಿತಿ. ಎಷ್ಟು ಜೋಡಿ ಸೇರಿಸಬೇಕು, ಹೆಸರು ಕೊಡಲು ಗಡುವು ಯಾವುದು, ಗಂತಿನಲ್ಲಿ ಎಷ್ಟು ನಿಮಿಷದ ಅವಕಾಶ ಎಂಬುದೆಲ್ಲ ಮೇಲಿನವರು ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು. ಅಲ್ಲಿ ಬಿಟ್ಟ ಸಡಿಲವೇ ಕೆಳಗೆ ಬರುವಾಗ ಗಂಟೆಗಟ್ಟಲೆ ವಿಳಂಬವಾಗುತ್ತದೆ.

ಸಂಬಳವಿಲ್ಲದೆ ದುಡಿಯುವವರನ್ನು ಪ್ರಶ್ನಿಸಿದರೆ ನಾಳೆ ಯಾರು ಬರುತ್ತಾರೆ ಎಂದು ಕೆಲವರು ಕೇಳುತ್ತಾರೆ. ತನ್ನದಲ್ಲದ ತಪ್ಪಿಗೆ ಬೈಸಿಕೊಂಡವನೇ ಮೊದಲು ಬಿಟ್ಟುಹೋಗುವವನು; ಹೊಣೆಯನ್ನು ಸರಿಯಾಗಿ ಹಂಚಿದರೆ ಅವನು ಉಳಿಯುತ್ತಾನೆ. ಕೋಣವೇನು ಯಂತ್ರವೇ ಎಂಬುದು ಇನ್ನೊಂದು ಮಾತು. ಅಲ್ಲ, ಆದ್ದರಿಂದಲೇ ಅದಕ್ಕೆ ನಿಲ್ಲಲು ಬೇಕಾದಷ್ಟು ಹೊತ್ತು ಕೊಡಬೇಕು, ಬಳಲುವಷ್ಟು ಹೊತ್ತು ಕಾಯಿಸಬಾರದು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ನಿಂತೇಹೋಗುವ ಹಂತಕ್ಕೆ ಬಂದಿದ್ದ ಕಂಬಳವನ್ನು ಕರ್ನಾಟಕದ ತಿದ್ದುಪಡಿ ಕಾಯ್ದೆ ಉಳಿಸಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಕೋಣಗಳಿಗೆ ವೃಥಾ ನೋವು ಕೊಡುವುದಿಲ್ಲವೆಂಬ ಮಾತಿನ ಮೇಲೆ ಕಂಬಳ ನಿಂತಿದೆ. ಹೊತ್ತು ಪಾಲಿಸುವುದೂ ಆ ಮಾತನ್ನು ಉಳಿಸಿಕೊಳ್ಳುವ ದಾರಿ. ಹೆಸರು ಹಿಡಿದು ಕೇಳಿದರೆ ಊರಿನ ಒಗ್ಗಟ್ಟು ಮುರಿಯುತ್ತದೆಂಬ ಅಂಜಿಕೆಯೂ ಇದೆ. ಯಾರ ಕೆಲಸ ಯಾವುದೆಂದು ಮೊದಲೇ ಗೊತ್ತಿದ್ದರೆ ಪ್ರಶ್ನೆ ಕೆಲಸದ ಮೇಲೆ ಬರುತ್ತದೆ, ಮನುಷ್ಯನ ಮೇಲಲ್ಲ. ಒಗ್ಗಟ್ಟು ಕೆಡುವುದು ಬೆನ್ನ ಹಿಂದಿನ ಗೊಣಗಾಟದಿಂದ.

ಕಂಬಳ ನಡೆಸುವ ಹಿರಿಯರಲ್ಲಿ ಒಂದು ವಿನಂತಿ. ಆಮಂತ್ರಣ ಪತ್ರಿಕೆಯಲ್ಲಿ ಪದಾಧಿಕಾರಿಗಳ ಹೆಸರು ಅಚ್ಚು ಹಾಕಿಸುವಾಗ ಅವರವರ ಕೆಲಸವನ್ನೂ ಬರೆಯಿಸಿ. ಪ್ರತಿ ಜೋಡಿ ಗಂತಿಗೆ ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಪುಸ್ತಕದಲ್ಲಿ ಗುರುತಿಸಿ, ಖರ್ಚುವೆಚ್ಚ ಮಂಡಿಸುವ ಸಭೆಯಲ್ಲಿ ಅದನ್ನೂ ಓದಿ. ತಡಕ್ಕೆ ಉತ್ತರಿಸುವ ಮೊದಲ ಸರದಿ ಅಧ್ಯಕ್ಷರದ್ದಾಗಲಿ, ಕೊನೆಯದು ಗಂತಿನ ಹುಡುಗನದ್ದಾಗಲಿ.